ಗೇಟಿನ ಆಚೆ ಸಂಧಿ, ಈಚೆ ಲಾಭ-ನಷ್ಟ

ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎನ್ನುವವರು ಬಹುಶಃ ಕೈಯಲ್ಲಿ ಡಸ್ಟರ್ ಹಿಡಿದು ನಡೆದವರಲ್ಲ. ಚನ್ನಪಟ್ಟಣದ ನಮ್ಮ ಹೈಸ್ಕೂಲನ್ನೂ ರೈಲು ಹಳಿಯಾಚೆಗಿನ ಇನ್ನೊಂದನ್ನೂ ಸೇರಿಸಿ ಒಂದೇ ಶಾಲೆ ಮಾಡಿದ ಮೇಲೆ ನನಗೆ ಆ ಆರೋಗ್ಯ ಪ್ರಾಪ್ತವಾಯಿತು. ಶಾಲೆ ಒಂದಾಯಿತು, ಕಟ್ಟಡಗಳು ಎರಡೇ ಉಳಿದವು. ಈಚೆ ಕನ್ನಡ ಪಾಠ ಮುಗಿಸಿ ಮುಂದಿನ ಪೀರಿಯಡ್ಡಿಗೆ ನಾನು ಆಚೆ ಓಡಬೇಕು. ಅದೇ ಹೊತ್ತಿಗೆ ಗಣಿತದ ನೂರ್‌ಜಹಾನ್ ಮೇಡಂ ಆಚೆಯಿಂದ ಈಚೆ ಬರಬೇಕು. ಟೈಂಟೇಬಲ್ ಬರೆದ ಹೆಡ್‌ಮಾಸ್ಟರು ಎಲ್ಲವನ್ನೂ ಯೋಚಿಸಿದ್ದರು, ರೈಲೊಂದನ್ನು ಬಿಟ್ಟು.

ಮೊದಲ ದಿನವೇ ಗೇಟು ಹಾಕಿತ್ತು. ಈಚೆ ನಾನು, ಆಚೆ ಮೇಡಂ. ರೈಲಿನ ಸುಳಿವಿಲ್ಲ.

"ಸಾರ್," ಎಂದು ಮೇಡಂ ಕೂಗಿದರು, "ನನ್ನ ಕ್ಲಾಸು ನಿಮ್ಮ ಹಿಂದೆ ಐತೆ, ನಿಮ್ಮದು ನನ್ನ ಹಿಂದೆ ಐತೆ. ಇಬ್ರೂ ಬಿಸಿಲಲ್ಲಿ ಯಾಕೆ ನಿಂತಿರೋದು?"

"ಮತ್ತೇನ್ಮಾಡೋದು ಮೇಡಂ?"

"ನೀವು ಲಾಭ-ನಷ್ಟ ಮಾಡಿ. ನಾನು ಸಂಧಿ ಮಾಡ್ತೀನಿ."

ಇಬ್ಬರೂ ಬಂದ ದಾರಿಯಲ್ಲೇ ವಾಪಸಾದೆವು. ಲೋಪ ಅಂದರೆ ಕಳೆಯೋದು, ಆಗಮ ಅಂದರೆ ಕೂಡೋದು ಎಂದು ಮೇಡಂ ಹೇಳಿಕೊಟ್ಟರಂತೆ. ನಾನು ವರ್ಷವಿಡೀ ಹೇಳಿದರೂ ಈಚೆಯ ಮಕ್ಕಳ ತಲೆಗೆ ಹತ್ತದ್ದು ಆಚೆಯ ಮಕ್ಕಳಿಗೆ ಒಂದೇ ಪೀರಿಯಡ್ಡಿನಲ್ಲಿ ಹತ್ತಿತು.

ಗೇಟು ಹಾಕಿದಾಗೆಲ್ಲ ಇದೇ ಏರ್ಪಾಟು. ಒಂದು ದಿನ ನಾನು, ಅಂಗಡಿಯವನೊಬ್ಬ ಮರದ ಕುದುರೆಯನ್ನು ಕೊಂಡದ್ದಕ್ಕಿಂತ ಕಮ್ಮಿಗೆ ಮಾರಿದ ಎಂದು ಲೆಕ್ಕ ಓದಿದೆ. ಬೊಂಬೆ ಮಾಡುವವರ ಮನೆಯ ಸಲ್ಮಾ ಎದ್ದು, "ಯಾಕೆ ಕಮ್ಮಿಗೆ ಮಾರ್ದ ಸಾರ್?" ಎಂದಳು. ಬಣ್ಣ ಕೆಟ್ಟಿರಬೇಕು ಎಂದನೊಬ್ಬ. ಮನೇಲಿ ಹುಷಾರಿಲ್ವೇನೋ ಎಂದಳು ಇನ್ನೊಬ್ಬಳು. ಅಂಗಡಿಯವನ ಸಂಸಾರವೆಲ್ಲ ಬೋರ್ಡಿನ ಮೇಲೆ ಬಂದು ಕೂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಡ್‌ಮಾಸ್ಟರು.

"ಏನ್ ಮೇಷ್ಟ್ರೇ, ಇದು ಗಣಿತ ತಾನೆ? ಉತ್ತರ ಎಷ್ಟು ಬಂತು?"

ಸಲ್ಮಾನೇ ಹೇಳಿದಳು: "ಉತ್ತರ ಇನ್ನೂ ಬಂದಿಲ್ಲ ಸಾರ್. ಪಾಪ ಅನ್ನಿಸ್ತೈತೆ."

ಹೆಡ್‌ಮಾಸ್ಟರು ಬೈಯಲಿಲ್ಲ. ಮರುದಿನ ಹೊಸ ಟೈಂಟೇಬಲ್ ಬಂತು: ಊಟದವರೆಗೆ ಒಂದು ಕಡೆ, ಊಟವಾದ ಮೇಲೆ ಇನ್ನೊಂದು ಕಡೆ. ಓಟ ತಪ್ಪಿತು. ಈಗ ದಾಟುವಾಗ ಎದುರಾದರೆ ನಾನು ಮೇಡಂಗೆ ಶೇಕಡಾ ಕಲಿಸುವುದು ಹೇಗೆಂದು ಕೇಳುತ್ತೇನೆ, ಅವರು ಸಮಾಸ ವಿಚಾರಿಸುತ್ತಾರೆ. ಶಾಲೆ ಒಂದಾಗುವ ಮೊದಲು ನಮ್ಮಲ್ಲಿದ್ದ ಗಣಿತದ ಮೇಷ್ಟರ ಜೊತೆ ಒಂದೇ ಸ್ಟಾಫ್‌ರೂಮಿನಲ್ಲಿ ಮೊಣಕೈ ತಾಗಿಸಿಕೊಂಡು ವರ್ಷಗಟ್ಟಲೆ ಕೂತಿದ್ದೆ, ಡಿ.ಎ. ಯಾವಾಗ ಬರುತ್ತೆ ಎಂಬುದನ್ನು ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ.