ರಜೆ ಅಂದರೆ ರಜೆ

ಜುಲೈ ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ ಬೆಳಿಗ್ಗೆ, ಕಾರವಾರದ ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಕಲಿಸುವ ವಸುಮತಿಯ ಮೊಬೈಲಿಗೆ ಶಾಲೆಯಿಂದ ಇನ್ನೊಂದು ಆದೇಶ ಬಂತು: ಒಂಬತ್ತಕ್ಕೆ ಆನ್‌ಲೈನ್ ಕ್ಲಾಸ್ ನಡೆಸಬೇಕು.

ವಸುಮತಿ ಓದಿದ್ದು ಸುಂಕಸಾಳದ ಕಡೆಯ ಸರ್ಕಾರಿ ಶಾಲೆಯಲ್ಲಿ. ಆಗ ರಜೆ ಸಾರಲು ಯಾರೂ ಬೇಕಿರಲಿಲ್ಲ. ಹಳ್ಳ ಉಕ್ಕಿ, ಅದನ್ನು ದಾಟುವ ಸಂಕದ ಮೇಲೆ ಕೆಂಪು ನೀರು ಹರಿದರೆ, ಆಚೆ ದಡದಲ್ಲಿ ಮಾಸ್ತರರು ಕೊಡೆ ಎತ್ತಿ ತಿರುಗಿ ಹೋಗಿ ಎಂದು ಬೀಸುತ್ತಿದ್ದರು. ಅವರ ಕೂಗು ಮಳೆಯಲ್ಲಿ ಕೇಳಿಸುತ್ತಿರಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಮಕ್ಕಳು ಯಾರೂ ನೇರ ಮನೆಗೆ ಹೋದದ್ದಿಲ್ಲ. ಗದ್ದೆಯಂಚಿನಲ್ಲಿ ಏಡಿ ಹುಡುಕಿ, ಗೆಳತಿ ದೇವಿಯ ಮನೆಯ ಬಚ್ಚಲೊಲೆಯಲ್ಲಿ ಗೇರುಬೀಜ ಸುಟ್ಟು ತಿಂದು, ತುಟಿ ಕಪ್ಪು ಮಾಡಿಕೊಂಡು ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದರು.

ಒಂಬತ್ತಕ್ಕೆ ಅವಳು ಮೊಬೈಲಿನಲ್ಲಿ ಕ್ಲಾಸ್ ತೆರೆದಳು. ಯೂನಿಫಾರ್ಮ್ ತೊಟ್ಟು ಕೂತ ಪುಟ್ಟ ಪುಟ್ಟ ಮುಖಗಳು. ಕದ್ವಾಡದ ಅನಘಾ ಮೆಲ್ಲಗೆ ಕೇಳಿದಳು: “ಟೀಚರ್, ನಮ್ಮನೆ ಅಂಗಳದಲ್ಲಿ ದೊಡ್ಡ ಕಪ್ಪೆ ಬಂದದೆ. ನೋಡ್ಕಂಡು ಬರ್ಲಾ?”

“ಸುಮ್ನೆ ಕೂತ್ಕೋ, ಕ್ಲಾಸ್ ನಡೀತದೆ” ಎಂದು ಪಕ್ಕದಿಂದ ತಾಯಿ ಗದರಿದಳು. ಹುಡುಗಿ ತಲೆ ತಗ್ಗಿಸಿ ಪೆನ್ಸಿಲ್ ಹಿಡಿದಳು. ವಸುಮತಿಗೆ ಅದನ್ನು ನೋಡಲಾಗಲಿಲ್ಲ.

“ಎಲ್ಲರೂ ಕೇಳಿ. ಇವತ್ತು ರಜೆ. ಪುಸ್ತಕ ಮುಚ್ಚಿಡಿ. ಹಳ್ಳದ ಬದಿಗೆ, ಸಮುದ್ರದ ಬದಿಗೆ ಯಾರೂ ಹೋಗೂದಿಲ್ಲ. ಅಂಗಳದೊಳಗೆ ಎಂತ ಬೇಕಾದ್ರೂ ಆಡಿ.”

ಮಕ್ಕಳಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಂದೊಂದೇ ಮುಖ ಮಾಯವಾಯಿತು. ಅನಘಾ ಮಾತ್ರ ಫೋನ್ ಆರಿಸುವುದನ್ನೇ ಮರೆತು ಓಡಿದ್ದಳು. ಖಾಲಿ ಕುರ್ಚಿ, ಹಿಂದೆ ಮಳೆಯ ಸದ್ದು.

ಹತ್ತು ಗಂಟೆಯೊಳಗೆ ಮುಖ್ಯಾಧ್ಯಾಪಕ ಮಧುಕೇಶ್ವರರ ಫೋನ್ ಬಂತು. “ಮೇಡಂ, ಪಾಲಕರು ಕೇಳ್ತಾ ಇದ್ದಾರೆ. ಅವರಿಗೆ ನಾನು ಎಂತ ಹೇಳೂದು?”

“ರಜೆ ಅಂತ ಹೇಳಿ ಸರ್.”

“ಪಾಠ ಹಿಂದೆ ಬೀಳ್ತದಲ್ಲ?”

“ಶನಿವಾರ ಮಧ್ಯಾಹ್ನ ಕೂತು ಮುಗಿಸಿ ಕೊಡ್ತೇನೆ. ಈ ರಜೆಯನ್ನ ಯಾವ ಶನಿವಾರ ವಾಪಸ್ ಕೊಡೂಕಾಗ್ತದೆ ಹೇಳಿ?”

“ಇನ್ನೊಮ್ಮೆ ಹೀಗಾದ್ರೆ ಆಡಳಿತ ಮಂಡಳಿ ಸುಮ್ನಿರೂದಿಲ್ಲ.”

“ಇನ್ನೊಮ್ಮೆ ಇಂಥ ಮಳೆ ಬಂದ್ರೆ ಇನ್ನೊಮ್ಮೆ ಹೀಗೇ ಮಾಡ್ತೇನೆ ಸರ್. ಈಗ್ಲೇ ಹೇಳಿಡ್ತೇನೆ.”

ಫೋನ್ ಕೆಳಗಿಟ್ಟಳು. ಕೆಲಸ ಅವಳಿಗೂ ಬೇಕಿತ್ತು. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ. ಬಾಕಿ ಪಾಠವನ್ನು ಶನಿವಾರ ಮುಗಿಸಿಕೊಟ್ಟಳು. ಮುಂದಿನ ಮಳೆ ರಜೆಗೂ ಮಕ್ಕಳನ್ನು ಹಾಗೇ ಬಿಟ್ಟಳು. ಮಂಡಳಿಯವರು ನಾಲ್ಕನೇ ತರಗತಿ ಕಿತ್ತುಕೊಂಡು ಅವಳನ್ನು ಒಂದನೇ ತರಗತಿಗೆ ಹಾಕಿದರು, ಶಿಕ್ಷೆಯೆಂದೇ. ವಸುಮತಿ ಚಾಕ್‌ಪೀಸು ತೆಗೆದುಕೊಂಡು ಅಲ್ಲಿಗೆ ಹೋದಳು.

ಆಗಸ್ಟಿನಲ್ಲಿ ಮತ್ತೆ ರಜೆ ಸಾರಿದರು. ಈ ಸಲ ಅವಳು ಶಾಲೆಯ ಆದೇಶಕ್ಕೆ ಕಾಯಲೇ ಇಲ್ಲ. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ತಾನೇ ಬರೆದಳು: “ಒಂದನೇ ತರಗತಿಗೆ ಇವತ್ತು ಪೂರ್ತಿ ರಜೆ.” ಮಧುಕೇಶ್ವರ ಸರ್ ಏನೋ ಬರೆಯುತ್ತಿರುವುದು ಕಾಣಿಸಿತು. ಬಹಳ ಹೊತ್ತು ಬರೆದರು. ಕೊನೆಗೆ ಏನೂ ಬರಲಿಲ್ಲ.