ಎಣ್ಣೆ ಟ್ಯಾಂಕಿಗೆ ಸುರಿದ ಒಂದು ಕೊಡ ನೀರು

ಖಾಜಾ ಅಣ್ಣ, ಆ ಟ್ಯಾಂಕಿಗೆ ನೀರು ಹಾಕಿದವಳು ನಾನು. ಹಂಪಸಾಗರದ ಟ್ರ್ಯಾಕ್ಟರಿನ ಡೀಸೆಲ್ ಪಂಪು ಜಾಮ್ ಆದದ್ದು ನಿಮ್ಮ ಕೈ ತಪ್ಪಿದ್ದರಿಂದ ಅಲ್ಲ, ನಿಮ್ಮ ಕಣ್ಣು ಮಂದವಾಗಿದ್ದರಿಂದಲೂ ಅಲ್ಲ. ನಾನು ಬೇಕೆಂದೇ ಒಂದು ಕೊಡ ನೀರು ಸುರಿದಿದ್ದೆ. ಇಷ್ಟು ವರ್ಷ ನೀವು ಎದುರಿಗೆ ಸಿಕ್ಕಾಗಲೆಲ್ಲ ಚಹಾ ಕೊಟ್ಟೆ, ಮನೆಯವರ ಕ್ಷೇಮ ಕೇಳಿದೆ — ಇದೊಂದನ್ನು ಹೇಳಲಿಲ್ಲ.

ನಾನು ಹುಟ್ಟಾ ಸಂಶಯದವಳು, ನಿಮಗೆ ಗೊತ್ತು. ಹಾಲಿನವಳು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾಳೆ ಅನ್ನುವವಳು, ನಗದಿದ್ದರೆ ಖಂಡಿತ ಬೆರೆಸಿದ್ದಾಳೆ ಅನ್ನುವವಳು. "ಇಕಿ ತನ್ನ ನೆಳ್ಳನ್ನೂ ಕೇಳಿ-ಕೇಳಿ ಮನಿಯೊಳಗ ಬಿಟ್ಕೊಂತಾಳ" ಎಂದು ನಮ್ಮ ಯಜಮಾನರು ಗ್ಯಾರೇಜಿಗೆ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದರು. ನನಗೋ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು. ನನ್ನ ಕಣ್ಣು ತಪ್ಪಿಸಿ ಈ ಅಂಗಡಿಯಿಂದ ಒಂದು ನಟ್ಟೂ ಹೊರಗೆ ಹೋಗದು ಎಂಬ ಜಂಬ.

ಹಗರಿಬೊಮ್ಮನಹಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಎಂಜಿನ್ ಕೆಲಸ ಅವರದು, ಡೀಸೆಲ್ ಪಂಪಿನ ನಾಜೂಕು ಕೆಲಸ ನಿಮ್ಮದು, ಬಿಡಿಭಾಗದ ಕೌಂಟರು ನನ್ನದು. ಬೋಗುಣಿಯಲ್ಲಿ ಪೆಟ್ರೋಲು ಸುರಿದುಕೊಂಡು ಪಾರ್ಟು ತೊಳೆಯುವುದು ಸಾವನ್ನು ಪಕ್ಕದಲ್ಲಿ ಕೂರಿಸಿಕೊಂಡ ಹಾಗೆ ಎಂದು ಜಗಳ ಮಾಡಿ, ತೊಳೆಯುವ ಟ್ಯಾಂಕು ತರಿಸಿದವರು ನೀವೇ. ಮೇಲೆ ತೊಟ್ಟಿ, ಅದಕ್ಕೊಂದು ಮುಚ್ಚಳ. ಕೆಳಗೆ ಸಾಲ್ವೆಂಟು ಅನ್ನುವ ತೊಳೆಯುವ ಎಣ್ಣೆ. ಅದನ್ನು ಎತ್ತಿ ಬ್ರಷ್ಷಿನ ಪೈಪಿಗೆ ಕೊಡುವ ಸಣ್ಣ ಮೋಟರು. ಎಣ್ಣೆ ತುಂಬುವುದು, ಜಾಲರಿ ತೊಳೆಯುವುದು, ತಳದ ಕೆಸರನ್ನು ಕೆಳಗಿನ ನಲ್ಲಿ ತಿರುವಿ ತೆಗೆಯುವುದು ನನ್ನ ಪಾಲಿಗೆ ಬಂತು. ಕಲಿಸಿದವರೂ ನೀವೇ.

"ಈ ಗೆರಿ ತನಕ ತುಂಬು ತಂಗಿ. ಕೆಲಸ ಮುಗಿದ ಮ್ಯಾಲ ಮುಚ್ಚಳ ಹಾಕು. ಒಂದು ಹನಿ ನೀರು ಮಾತ್ರ ಬೀಳಬಾರದು ನೋಡು. ನೀರು ಬಿತ್ತಂದ್ರ ಪಂಪಿನ ಕಥಿ ಮುಗೀತು."

ನೀವು ಹೇಳಿದ್ದಿರಿ, ನಾನು ಕೇಳಿದ್ದೆ. ಹಾಗಾಗಿ ಗೊತ್ತಿರಲಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುವ ಹಾಗಿಲ್ಲ.

ಒಂದು ದಿನ ಮುಚ್ಚಳ ಧಡ್ಡನೆ ಕೈಮೇಲೆ ಬಿದ್ದು ನನ್ನ ಹಸಿರು ಬಳೆ ಒಡೆದವು. ಸಿಟ್ಟು ಬಂದು ಬೈಂಡಿಂಗ್ ತಂತಿಯಿಂದ ಅದನ್ನು ಗೋಡೆಯ ಮೊಳೆಗೆ ಎಳೆದು ಕಟ್ಟಿಬಿಟ್ಟೆ. ಸಂಜೆ ನೀವು ಹೋಗುವಾಗ ತಂತಿ ಬಿಚ್ಚಿ ಮುಚ್ಚಿ ಹೋಗುತ್ತಿದ್ದಿರಿ, ನಿಮ್ಮ ಬೆನ್ನು ತಿರುಗಿದ್ದೇ ನಾನು ಮತ್ತೆ ಕಟ್ಟುತ್ತಿದ್ದೆ. ಬೇಸಿಗೆ ಏರಿದಂತೆ ಎಣ್ಣೆ ಗೆರೆಯಿಂದ ಕೆಳಗೆ ಇಳಿಯತೊಡಗಿತು. ತುಂಬಿದರೆ ಮತ್ತೆ ಇಳಿಯುತ್ತಿತ್ತು. ಖಾಜಾ ಅಣ್ಣ ಯಾಕೆ ದಿನಾ ಮುಚ್ಚಳ ಮುಚ್ಚುತ್ತಾರೆ? ಎಣ್ಣೆ ಇಳಿದದ್ದು ನನಗೆ ಕಾಣಬಾರದೆಂದೇ? — ನನ್ನ ತಲೆ ಓಡಿದ್ದು ಹೀಗೆ. ತೊಳೆದು ತರುತ್ತೇನೆಂದು ಅಂಗಡಿಯ ಜಿಡ್ಡುಬಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದಿರಲ್ಲ, ಆ ಚೀಲ ಗಬ್ಬೆಂದು ಸಾಲ್ವೆಂಟು ನಾರುತ್ತಿತ್ತು. ನಾರದೆ ಇರುತ್ತದೆಯೇ? ಆದರೆ ನನಗೆ ಆ ಬಟ್ಟೆಗಳ ನಡುವೆ ಒಂದು ಬಾಟಲಿ ಕಾಣುತ್ತಿತ್ತು. ಇಲ್ಲದ ಬಾಟಲಿ, ಅದರ ಬಿರಡೆ ಸಮೇತ.

ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿದ್ದರೆ ನೀವು ಬೈಯುತ್ತಿದ್ದಿರಿ, ಅಷ್ಟೇ. ನಾನು ಕೇಳಲಿಲ್ಲ, ಹೊಂಚು ಹಾಕಿದೆ. ಎಣ್ಣೆ ಮೇಲೆ, ನೀರು ಕೆಳಗೆ — ಅಡುಗೆಮನೆಯಲ್ಲಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕದಿಯುವವನು ಕೆಳಗಿನ ನಲ್ಲಿಯಿಂದಲೇ ತಾನೇ ಬಸಿದುಕೊಳ್ಳಬೇಕು? ಬಸಿದುಕೊಳ್ಳಲಿ, ಮನೆಗೆ ಹೋಗಿ ನೋಡಿದರೆ ಬರೀ ನೀರು! ಕದ್ದ ಎಣ್ಣೆಯಲ್ಲಿ ನೀರಿದೆ ಎಂದು ಯಾರ ಮುಂದೆ ಹೇಳಿಕೊಂಡಾನು? ಹೀಗೆ ನನ್ನಷ್ಟಕ್ಕೆ ನಾನೇ ನಕ್ಕು, ನೀವಿಬ್ಬರೂ ಊಟಕ್ಕೆ ಹೋದಾಗ ಒಂದು ಕೊಡ ಸುರಿದೆ. ಎಣ್ಣೆ ಎತ್ತುವ ಮೋಟರಿನ ಬಾಯಿ ಕೂಡ ತಳದಲ್ಲೇ ಇದೆ, ಅದು ಮೊದಲು ಎತ್ತುವುದು ನೀರನ್ನೇ ಎಂಬುದು — ದಿನಾ ಅದರ ಜಾಲರಿ ತೊಳೆಯುವ ನನಗೆ — ನೆನಪೇ ಆಗಲಿಲ್ಲ. ಸೊಕ್ಕು, ಮತ್ತೇನಿಲ್ಲ.

ಆ ಮಧ್ಯಾಹ್ನವೇ ನೀವು ಹಂಪಸಾಗರದ ಪಂಪು ಬಿಚ್ಚಿ ತೊಳೆದಿರಿ. ಟ್ಯಾಂಕಿನ ಎಣ್ಣೆ ಮೊದಲೇ ಕರ್ರಗಿತ್ತು, ಅದರಲ್ಲಿ ನೀರು ಯಾರಿಗೆ ಕಾಣಬೇಕು? ಒರೆಸಿ, ಗಾಳಿ ಊದಿ, ಜೋಡಿಸಿಟ್ಟಿರಿ. ಮರುದಿನ ಅಮಾವಾಸ್ಯೆ; ನಮ್ಮ ಅಂಗಡಿಯಲ್ಲಿ ಅವತ್ತು ಸ್ಪ್ಯಾನರ್ ಮುಟ್ಟುವುದಿಲ್ಲ. ಆ ಸಣ್ಣ ಸಣ್ಣ ತೂತುಗಳೊಳಗೆ ನನ್ನ ನೀರು ಕೂತು ತನ್ನ ಕೆಲಸ ಮಾಡಿತು. ಆಮೇಲೆ ಪಂಪನ್ನು ಟ್ರ್ಯಾಕ್ಟರಿಗೆ ಕೂರಿಸಿದಿರಿ. ಅದು ಹೊಲದ ಮಧ್ಯೆ ನಿಂತಿತು. ಬಿಚ್ಚಿ ನೋಡಿದರೆ ಪಂಪಿನೊಳಗೆ ಡೀಸೆಲ್ ಒತ್ತುವ, ಕನ್ನಡಿಯಂತಿರಬೇಕಾದ ಪ್ಲಂಜರ್ ಕಡ್ಡಿಯ ಮೇಲೆ ತುಕ್ಕು.

"ಲೇ ಖಾಜಾ, ಒರೆಸಿಲ್ಲೇನ್ಲೇ? ಕಣ್ಣು ಕಾಣವಲ್ವೇನು ನಿನಗ?" ಎಂದು ಯಜಮಾನರು ಗಿರಾಕಿಯ ಮುಂದೆಯೇ ಕೂಗಿದರು.

ನೀವು ನಿಮ್ಮ ಬೆರಳು ನೋಡಿಕೊಂಡಿರಿ. "ಒರೆಸಿದ್ದೆ" ಅಂದಿರಿ. ಮತ್ತೊಮ್ಮೆ ಬೆರಳು ನೋಡಿ, "ಒರೆಸಿದ್ದೆ ಅನ್ಸತೈತಿ" ಅಂದಿರಿ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನೀವಿಬ್ಬರೂ ಗಿರಾಕಿಯನ್ನು ಸಮಾಧಾನ ಮಾಡುತ್ತ ಹೊರಗೆ ನಿಂತಿದ್ದಾಗ ಕೆಳಗಿನ ನಲ್ಲಿ ತಿರುವಿ ಅದೇ ಕೊಡ ಹಿಡಿದೆ. ನೀರು ಬಂತು. ಬಂತು, ಬಂತು — ಕೊಡ ತುಂಬುವ ತನಕ ಬಂತು. ಅಂದರೆ ಆ ನಲ್ಲಿಯನ್ನು ಯಾರೂ ಮುಟ್ಟಿರಲಿಲ್ಲ. ನೀವು ಕಳ್ಳರಲ್ಲ ಎಂದು ನನಗೆ ಗೊತ್ತಾದದ್ದು ವರ್ಷಗಳ ನಂತರ ಅಲ್ಲ ಅಣ್ಣ, ಅದೇ ಗಳಿಗೆಯಲ್ಲಿ. ನಾನು ಕೊಡವನ್ನು ಚರಂಡಿಗೆ ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡು ಕೌಂಟರಿಗೆ ಬಂದು ಕೂತೆ.

ಆಮೇಲೆ ನೀವು ಕಟ್ಟಿದ್ದನ್ನೇ ಬಿಚ್ಚತೊಡಗಿದಿರಿ. ಜೋಡಿಸುವುದು, ಅನುಮಾನ ಬಂದು ಬಿಚ್ಚುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಒರೆಸುವುದು. ಗಿರಾಕಿಗಳು ಗೊಣಗಿದರು, ಇವರು ಸಿಡುಕಿದರು. ನನಗಿದ್ದ ರೋಗ ನಿಮಗೆ ಅಂಟಿತ್ತು. ನಾನು ಮಂದಿಯನ್ನು ಅನುಮಾನಿಸುತ್ತಿದ್ದೆ, ನೀವು ನಿಮ್ಮನ್ನೇ. ಒಂದು ದಿನ ಸ್ಪ್ಯಾನರುಗಳನ್ನು ಒರೆಸಿ ಸಾಲಾಗಿ ಬೆಂಚಿನ ಮೇಲಿಟ್ಟು, ಕೆಲಸ ಬಿಟ್ಟು ಹೋದಿರಿ. ನೀವು ಹೋದ ಮೇಲೂ ಎಣ್ಣೆ ಇಳಿಯಿತು. ಬೈಂಡಿಂಗ್ ತಂತಿ ಕಿತ್ತು ಮುಚ್ಚಳ ಹಾಕಿದೆ. ಎಣ್ಣೆ ಗೆರೆಯಲ್ಲೇ ನಿಂತಿತು. ತಗಡಿನ ಕಾವಿಗೆ ಆರಿ ಹೋಗುತ್ತಿತ್ತು, ನಾನೇ ಬಾಯಿ ತೆರೆದಿಟ್ಟ ಟ್ಯಾಂಕಿನಿಂದ.

ನಿನ್ನೆ ನೀವು ಕೊಟ್ಟೂರಿನಿಂದ ಬಂದಿರಿ. ಪ್ಲಾಸ್ಟಿಕ್ ಕೊಡ, ಬುಟ್ಟಿ ಹೇರಿಕೊಂಡು ನೀವೀಗ ಊರೂರು ಸುತ್ತಿ ಮಾರುವ ಮೊಪೆಡ್ಡು, ಅದರ ಕಾರ್ಬ್ಯುರೇಟರ್ ಕಸ ಕಟ್ಟಿದೆ ಎಂದು ಅದನ್ನಷ್ಟೇ ಕಳಚಿ ತಂದು ಕೌಂಟರಿನ ಮೇಲಿಟ್ಟಿರಿ. ಡೀಸೆಲ್ ಪಂಪನ್ನು ಕಣ್ಣು ಮುಚ್ಚಿ ಕಟ್ಟುತ್ತಿದ್ದ ಮನುಷ್ಯ! ನಾನು ಕೇಳಬಾರದಿತ್ತು, ಕೇಳಿದೆ: "ನೀವ ಬಿಚ್ಚಿ ತೊಳಕೋಬಹುದಿತ್ತಲ್ರಿ ಅಣ್ಣ?"

ನೀವು ನಕ್ಕಿರಿ. "ಬ್ಯಾಡ ತಂಗಿ. ಈ ಕೈ ಮ್ಯಾಲ ನನಗ ನಂಬಿಕಿ ಇಲ್ಲ. ನಿನ್ನ ಗಂಡನ ಕೈಲೆ ಮಾಡಿಸಿಡು, ನಾಳಿ ಬರ್ತೀನಿ."

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ — ಈ ಬರಹದ ಮೇಲೂ ನನಗೆ ಸಂಶಯ. ಬರೆದು ಹಗುರಾಗಿ, ನಿಮ್ಮೆದುರು ಮತ್ತೆ ಚಹಾ ಇಟ್ಟು ಸುಮ್ಮನಾಗಿಬಿಡುವ ಉಪಾಯವೇ ಇದು? ನನ್ನನ್ನು ನಾನು ಬಲ್ಲೆ. ಆದ್ದರಿಂದ ಯಜಮಾನರಿಗೆ ಈಗಷ್ಟೇ ಎಲ್ಲವನ್ನೂ ಹೇಳಿದೆ. ಅವರು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದಾರೆ.

ಕ್ಷಮಿಸಿ ಎಂದು ಕೇಳುವುದಿಲ್ಲ ಅಣ್ಣ. ನಿಮ್ಮ ಕಾರ್ಬ್ಯುರೇಟರನ್ನು ಅವರ ಕೈಗೂ ಕೊಟ್ಟಿಲ್ಲ. ಟ್ಯಾಂಕಿನ ಹಳೆ ಎಣ್ಣೆ ಪೂರ್ತಿ ತೆಗೆದು, ತಳ ಒರೆಸಿ, ಗೆರೆಯ ತನಕ ಹೊಸದು ತುಂಬಿದ್ದೇನೆ. ಒಂದು ಹನಿ ನೀರಿಲ್ಲ. ಮುಚ್ಚಳ ಹಾಕಿದೆ, ನಿಮ್ಮ ಸ್ಪ್ಯಾನರುಗಳನ್ನು ಬೆಂಚಿನ ಮೇಲೆ ಇಟ್ಟಿದ್ದೇನೆ. ನೀವು ಬಂದಾಗ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ಗಿರಾಕಿಗಳಿದ್ದರೆ ಅವರ ಮುಂದೆಯೇ. ಕೇಳಿದ ಮೇಲೆ ಕಾರ್ಬ್ಯುರೇಟರ್ ಎತ್ತಿಕೊಂಡು ಹಾಗೇ ಹೋದರೂ ಸರಿ. ಆದರೆ ಬಿಚ್ಚುವುದಾದರೆ ನೀವೇ ಬಿಚ್ಚಿ. ಆ ಕೈ ಅವತ್ತೂ ಸರಿಯಾಗಿಯೇ ಒರೆಸಿತ್ತು.