ಸೆರಗಿನ ಮೇಲೆ ಜಪಾನಿನ ಮಳೆ

ಯುದ್ಧ ಶುರುವಾಗಿ ಜಪಾನಿನ ನೂಲು ದೊಡ್ಡಬಳ್ಳಾಪುರಕ್ಕೆ ಬರುವುದು ನಿಂತುಹೋಗಿತ್ತು. ಅದಕ್ಕೂ ಮೊದಲು ನೂಲಿನ ಪೆಟ್ಟಿಗೆಯೊಳಗೆ ಬಂದಿದ್ದ ಒಂದು ಚಿತ್ರ ಮಾತ್ರ ನಮ್ಮ ಮಗ್ಗದ ಎದುರಿನ ಗೋಡೆಯಲ್ಲೇ ಉಳಿದಿತ್ತು. ಮರದ ಅಚ್ಚು ಕೆತ್ತಿ, ಬಣ್ಣಕ್ಕೊಂದು ಅಚ್ಚಿನಂತೆ ಕಾಗದದ ಮೇಲೆ ಒತ್ತಿದ ಚಿತ್ರ. ಹೊಳೆ, ಅದರ ಮೇಲೊಂದು ಮರದ ಸೇತುವೆ, ತಲೆ ತಗ್ಗಿಸಿ ಓಡುವ ಜನ, ಮೇಲಿಂದ ಕೆಳಗಿನವರೆಗೆ ಓರೆಯಾಗಿ ಎಳೆದ ಸಣ್ಣ ಕರೀ ಗೆರೆಗಳು. ಅದೇ ಮಳೆ! ಅಪ್ಪ ಲಾಳಿ ಕೈಯಲ್ಲಿ ಹಿಡಿದೇ ಅದನ್ನು ನೋಡುತ್ತಾ ಕೂರುತ್ತಿದ್ದರು.

"ಒಂದು ಹನೀನೂ ಬರ್ದಿಲ್ಲ, ಬರೀ ಎಳೆ. ಆದ್ರೂ ಮೈ ನೆನ್ದಂಗಾಗ್ತದೆ, ನೋಡ್ರೇ," ಅನ್ನುತ್ತಿದ್ದರು.

ಅಕ್ಕನಿಗೆ ನಮ್ಮೂರ ಹತ್ತಿರದ ಮಧುರೆ ಹಳ್ಳಿಯಲ್ಲಿ ಗಂಡು ಗೊತ್ತಾಯಿತು. ಗಂಡನ ಮನೆ ಹೊಸಿಲು ದಾಟುವ ದಿನ ಚಿತ್ರದ ಆ ಮಳೆಯನ್ನೇ ನೇಯ್ದ ಸೀರೆ ಬೇಕೆಂದು ಹಟ ಹಿಡಿದಳು. ಅಮ್ಮ ಹಣೆ ಚಚ್ಚಿಕೊಂಡಳು.

"ಮದುವೆ ಹೆಣ್ಣಿಗೆ ಕರೀ ಗೆರೆ ಸೀರೆನಾ? ಬೀಗರು ನಗಾಡಲ್ವಾ?"

"ಕರೀದು ಬೇಡ ಬಿಡು, ಬಿಳೀದು ಹಾಕ್ತೀನಿ," ಅಂದರು ಅಪ್ಪ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ನವಿಲು ಬಣ್ಣದ ಹಾಸಿನ ನಡುನಡುವೆ ಬಿಳಿ ರೇಷ್ಮೆ ಎಳೆಗಳನ್ನು ಕೂಡಿಸಿ ನೇಯ್ದರು.

ಸೀರೆ ಮಗ್ಗದಿಂದ ಇಳಿದಾಗ ನನಗೆ ನಗು ತಡೆಯಲಾಗಲಿಲ್ಲ. "ಇದೆಲ್ಲಿ ಮಳೆ? ಪಟ್ಟೆಪಟ್ಟೆ ಜಮಖಾನ ಇದ್ದಂಗೈತೆ!"

ಅಕ್ಕನ ಕಣ್ಣು ತುಂಬಿತು. "ಚಿತ್ರದಾಗೆ ಮಳೆ ಓರೆಗೈತೆ. ಇದು ನೆಟ್ಟಗೈತಲ್ಲಪ್ಪಾ."

"ಮೊದ್ಲು ಉಟ್ಕೊಂಡ್ ಬಾರಮ್ಮ."

ಉಟ್ಟು ಬಂದಳು. ಸೊಂಟದ ಸುತ್ತ ಗೆರೆಗಳು ಹೊಳೆಯ ಹಾಗೆ ಅಡ್ಡಡ್ಡ ಹರಿದವು. ಸೆರಗು ಹೆಗಲಿಗೆ ಏರುವ ಕಡೆ ತಾವಾಗಿಯೇ ಓರೆಯಾದವು. ಅಪ್ಪ ಮೀಸೆ ತಿರುವಿದರು. ನಾನು ಬಿಡುವವಳೇ?

"ನಮ್ಗೆ ಗೊತ್ತಿರೋದಕ್ಕೆ ಮಳೆ ಕಾಣ್ತದೆ. ಬೀಗರ ಮನೇಲಿ ಒಬ್ರಾದ್ರೂ ಮಳೆ ಅಂದ್ರೆ ಆಗ ಹೇಳಪ್ಪಾ."

ಅಪ್ಪನ ಮುಖ ಸಣ್ಣಗಾಯಿತು. ಹೊರಡುವ ತನಕ ಆ ಮಾತು ಅವರನ್ನು ಕೊರೆಯುತ್ತಲೇ ಇತ್ತು.

ಮಧುರೆಯಲ್ಲಿ ಸುಡುಬಿಸಿಲು. ಅಕ್ಕ ಹೊಸಿಲ ಮುಂದೆ ನಿಂತಳು. ಹೆಂಗಸರು ಸೆರಗು ಮುಟ್ಟಿ ನೋಡಿ, ಪಟ್ಟೆ ಚೆನ್ನಾಗಿದೆ ಅಂದರು, ಅಷ್ಟೇ. ಅಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಯಾರಾದರೂ ಮಳೆ ಅನ್ನಬಾರದೇ ಅಂತ ನನಗೇ ಅನ್ನಿಸಿತು. ಅಷ್ಟರಲ್ಲಿ ನಡುಮನೆಯಲ್ಲಿ ಕೂತಿದ್ದ ಗಂಡಿನ ಅಜ್ಜಿ, ಮಂಜಾದ ಕಣ್ಣು ಕಿರಿದು ಮಾಡಿಕೊಂಡು ಬಾಗಿಲ ಕಡೆ ನೋಡಿ ಕೂಗಿದರು.

"ಅಯ್ಯೋ, ಏನ್ ಜನಾನೋ ನೀವು! ಮಗೀನ ಮಳೇಲಿ ನಿಲ್ಸಿದ್ದೀರಲ್ಲ, ಒಳಕ್ಕೆ ಕರ್ಕೊಳ್ರೋ!"

ಅಪ್ಪ ಅಲ್ಲೇ, ಬೀಗರೆಲ್ಲರ ಮುಂದೆಯೇ, ನನ್ನ ತಲೆಗೊಂದು ಮೊಟಕಿದರು.